ಹೊರುವವರಿಗೆ ಗೊತ್ತಾಗುತ್ತದೆ

ಹಾರೆ ಕಲ್ಲಿಗೆ ತಗುಲಿ ಕಿಡಿ ಹಾರಿತು. ಸೊಂಟದ ಮಟ್ಟದ ಗುಂಡಿಯೊಳಗೆ ನಿಂತಿದ್ದ ಡೆಲ್ಫೀನೋ ಅಬೇತಾ ಜೋಮು ಹಿಡಿದ ಕೈ ಝಾಡಿಸಿಕೊಂಡು ಮತ್ತೆ ಎತ್ತಿ ಹೊಡೆದ. ಮೇಲಿನ ಒಂದು ಗೇಣು ಮಣ್ಣು ಕರಗಿ ಜಿಗುಟಾಗಿತ್ತು. ಅದರ ಕೆಳಗೆ ಚಳಿಗಾಲ ಇನ್ನೂ ಬಿಟ್ಟಿರಲಿಲ್ಲ. ಪ್ಲಾಸಿತಾ ಊರಿನಲ್ಲಿ ಸತ್ತವರಿಗೆ ಗುಂಡಿ ತೋಡುವವರು ಮನೆಯವರೇ. ಅಣ್ಣನ ಗುಂಡಿಗೆ ಕೂಲಿಯವರ ಕೈಯಲ್ಲಿ ಹಾರೆ ಕೊಟ್ಟ ತಮ್ಮ ಈ ಕಣಿವೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಇನ್ನೂ ಎಷ್ಟು ಅಗಲ ಮಾಡ್ತೀಯೋ?" ಮೇಲೆ ಮಣ್ಣಿನ ಗುಡ್ಡೆಯ ಮೇಲೆ ಕೂತು ಸಿಗರೇಟು ಸುತ್ತುತ್ತಿದ್ದ ಚಿಕ್ಕಪ್ಪನ ಮಗ ಹಿಲ್ಬೆರ್ತೋ ಕೇಳಿದ. "ನಿಮ್ಮಣ್ಣ ಒಬ್ಬನೇ ಮಲಗ್ತಾನೋ, ಪಿಕಪ್ ಸಮೇತ ಇಳೀತಾನೋ?"

"ಪಿಕಪ್ ಬಿಟ್ಟು ಬಾ ಅಂದ್ರೆ ಬರೋ ಪೈಕಿನಾ ಅವನು?"

"ಒಂದು ಲಾಭ ಇದೆ ನೋಡು. ಇನ್ಮೇಲೆ ಸ್ಮಶಾನಕ್ಕೆ ದೀಪ ಬೇಕಿಲ್ಲ. ಒನೋಫ್ರೆ ಮಿಣಮಿಣ ಅಂತ ಬೆಳಗ್ತಾ ಇರ್ತಾನೆ."

ಡೆಲ್ಫೀನೋ ನಕ್ಕ. ಅದು ಒನೋಫ್ರೆಯದೇ ಜೋಕು. ನದಿಯಾಚೆ ಗುಡ್ಡದ ಮೇಲಿದ್ದ ಸರ್ಕಾರದ ಅಣು ಲ್ಯಾಬಿನಲ್ಲಿ ತಲೆ ನರೆಯುವವರೆಗೆ ದುಡಿದವನು, ತನ್ನ ಮೈ ಕತ್ತಲಲ್ಲಿ ಹೊಳೆಯುತ್ತದೆಂದು ಮದುವೆಮನೆಗಳಲ್ಲಿ ತಾನೇ ಹೇಳಿಕೊಂಡು ನಗಿಸುತ್ತಿದ್ದ. ಗುಡ್ಡ ಇವನನ್ನು ಒಂದು ದಿನ ತಿಂದುಹಾಕುತ್ತದೆ ಎಂದು ಊರು ಹಿಂದಿನಿಂದ ಆಡಿಕೊಳ್ಳುತ್ತಿತ್ತು. ಕೊನೆಗೆ ಗುಡ್ಡ ತಿನ್ನಲಿಲ್ಲ. ಶುಕ್ರವಾರ ಊರವರೆಲ್ಲ ಸೇರಿ ಕಾಲುವೆಯ ಹೂಳೆತ್ತುತ್ತಿದ್ದಾಗ, ಒನೋಫ್ರೆ ದಂಡೆಯ ಮೇಲೆ ಕೂತು ಮನೆಯಿಂದ ತಂದ ಹುರುಳಿ ಸುತ್ತಿದ ರೊಟ್ಟಿ ತಿನ್ನುತ್ತಾ ಹಾಗೇ ಪಕ್ಕಕ್ಕೆ ವಾಲಿದ. ಹೃದಯ. ರೊಟ್ಟಿ ಇನ್ನೂ ಅರ್ಧ ಉಳಿದಿತ್ತು.

ಕೆಳಗಿನ ದಾರಿಯಲ್ಲಿ ಕಾರು ಬಂದು ನಿಂತಿತು. ಒನೋಫ್ರೆಯ ಹೆಂಡತಿ ಎಲೊಯ್ಸಾ ಇಳಿದಳು. ಮೈಮೇಲೆ ಸಾವಿನ ಕಪ್ಪು ಉಡುಪು, ಕಾಲಿಗೆ ಮಾತ್ರ ತೋಟದ ರಬ್ಬರ್ ಬೂಟು. ಹಿಲ್ಬೆರ್ತೋ ಸಿಗರೇಟು ಎಸೆದು ಎದ್ದು ನಿಂತ.

"ಯಾಕೆ ಅತ್ತಿಗೆ, ನೀವ್ಯಾಕೆ ಇಲ್ಲಿಗೆ ಬಂದ್ರಿ?" ಡೆಲ್ಫೀನೋ ಗುಂಡಿಯಿಂದಲೇ ಕೇಳಿದ. "ಇನ್ನೇನು ಮುಗೀತು. ಪೂಜೆ ಹೊತ್ತಿಗೆ ನಾವು ಇಗರ್ಜಿಗೆ ಬಂದುಬಿಡ್ತೀವಿ."

ಅವಳು ಅಂಚಿಗೆ ಬಂದು ಒಳಗೆ ಇಣುಕಿದಳು. ಮೂರು ದಿನದಿಂದ ಅತ್ತ ಮುಖವಲ್ಲ ಅದು. ಏನನ್ನೋ ಕದ್ದು ಸಿಕ್ಕಿಬಿದ್ದವರ ಮುಖದಂತಿತ್ತು.

"ನಿಮ್ಮಿಬ್ಬರಿಗೂ ಒಂದು ಮಾತು ಹೇಳಬೇಕು. ಹೇಳದೆ ವಿಧಿಯಿಲ್ಲ. ಪೆಟ್ಟಿಗೆ ಹೊರೋರು ನೀವು. ಹೊರೋರಿಗೆ ಗೊತ್ತಾಗುತ್ತೆ."

"ಏನು ಗೊತ್ತಾಗುತ್ತೆ?"

"ಅದರಲ್ಲಿ ಒನೋಫ್ರೆ ಇಲ್ಲ."

ಹಿಲ್ಬೆರ್ತೋ ಟೋಪಿ ತೆಗೆದು ತಲೆಬಾಗಿಸಿದ. "ನಿಜ ಎಲೊಯ್ಸಾ. ಆತ್ಮ ದೇವರ ಹತ್ರ ಹೋದ ಮೇಲೆ ಉಳಿಯೋದು ಬರೀ ದೇಹ..."

"ದೇಹಾನೇ ಇಲ್ಲ, ಹಿಲ್ಬೆರ್ತೋ. ಪೆಟ್ಟಿಗೆ ಖಾಲಿ."

ಡೆಲ್ಫೀನೋ ಹಾರೆ ಕೆಳಗಿಟ್ಟ. ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರು ಮಾಡಲಾಗದು ಎಂಬಂತೆ ಒಂದೇ ಉಸಿರಿಗೆ ಹೇಳಿದಳು.

"ಶುಕ್ರವಾರ ಸಂಜೆನೇ ಬಂದು ಆಸ್ಪತ್ರೆಯಿಂದ್ಲೇ ತಗೊಂಡು ಹೋದ್ರು. ವಿಮಾನದಲ್ಲಿ. ಉತ್ತರದ ಕಡೆ ದೂರ ಒಂದು ವಿಶ್ವವಿದ್ಯಾಲಯ ಇದೆ. ಇಂಥ ಲ್ಯಾಬುಗಳಲ್ಲಿ ದುಡಿದು ಮೈಯೊಳಗೆ ಪ್ಲುಟೋನಿಯಂ ಹೊಕ್ಕವರು ಸತ್ತ ಮೇಲೆ ಅಲ್ಲಿ ನೋಡ್ತಾರೆ. ಎಲುಬು, ಲಿವರ್ರು, ಶ್ವಾಸಕೋಶ, ಎಲ್ಲಾ ಬಿಡಿಸಿ ಎಲ್ಲೆಲ್ಲಿ ಎಷ್ಟೆಷ್ಟು ಕೂತಿದೆ ಅಂತ ಅಳೀತಾರೆ. ಬದುಕಿದ್ದಾಗಲೇ ಮಾತು ಕೊಟ್ಟಿದ್ದ. ಜೀವ ಹೋದ ಕೂಡಲೇ ಫೋನ್ ಮಾಡ್ತೀನಿ ಅಂತ ನನ್ನಿಂದ ಆಣೆ ಹಾಕಿಸಿಕೊಂಡಿದ್ದ. ಮಾಡಿದೆ."

"ಯಾವಾಗ ವಾಪಸ್ ಕೊಡ್ತಾರೆ?"

"ಕೊಡಲ್ಲ."

ಗುಂಡಿಯ ಮಣ್ಣಿನ ಗೋಡೆಗೆ ಡೆಲ್ಫೀನೋ ಬೆನ್ನು ಆನಿಸಿದ. ನಿನ್ನೆ ಸಂಜೆ ಅಣ್ಣನ ಮನೆಯಲ್ಲಿ ಜಪಸರ ಮುಗಿದ ಮೇಲೆ, ಎಲ್ಲರೂ ಹೊರಟುಹೋದ ಮೇಲೆ, ಅವನು ಆ ಪೆಟ್ಟಿಗೆಯ ಮುಚ್ಚಳಕ್ಕೆ ತುಟಿ ಒತ್ತಿದ್ದ. ನಾಲ್ಕು ವರ್ಷದಿಂದ ಅಣ್ಣನ ಮುಂದೆ ಬಾಯಿಗೆ ಬಾರದ ಮಾತನ್ನು ಮರಕ್ಕೆ ಬಾಯಿಟ್ಟು ಆಡಿದ್ದ.

"ನಿನ್ನೆ ನಾನು ಅದಕ್ಕೆ ಮುತ್ತಿಟ್ಟೆ, ಅದರ ಹತ್ರ ಮಾತಾಡಿದೆ. ನೀವು ಅಲ್ಲೇ ಕೂತಿದ್ರಿ."

"ಕೂತಿದ್ದೆ."

"ಮುಖ ಊದಿಕೊಂಡಿದೆ, ತೆಗೀಬೇಡಿ ಅಂದ್ರಿ."

"ಅಂದೆ."

"ಅಮ್ಮಂಗೆ?"

ಎಲೊಯ್ಸಾ ಬೂಟಿನ ತುದಿಯಿಂದ ಒಂದು ಹೆಂಟೆ ಮಣ್ಣು ತಳ್ಳಿದಳು. "ಅಮ್ಮಂಗೆ ಮೊದಲೇ ಹೇಳಿದ್ರೆ ಕಾರಿಗೆ ಅಡ್ಡ ಮಲಗ್ತಾಳೆ, ಕಳಿಸಿದ ಮೇಲೆ ಹೇಳು ಅಂತ ಅವನೇ ಹೇಳಿದ್ದ. ಶನಿವಾರ ಹೇಳೋಕೆ ಅಂತಾನೇ ಹೋದೆ ಡೆಲ್ಫೀನೋ. ಅವರು ಅವನ ಕರೀ ಕೋಟಿಗೆ ಗುಂಡಿ ಹೊಲೀತಾ ಕೂತಿದ್ರು. ಇಸಕೊಂಡು ಬಂದೆ. ಬಂದು ಪೆಟ್ಟಿಗೆ ಕೊಂಡೆ."

ಹಿಲ್ಬೆರ್ತೋ ಟೋಪಿ ಮತ್ತೆ ತಲೆಗಿಟ್ಟುಕೊಂಡ. "ಡೆಲ್ಫೀನೋ, ತಪ್ಪು ತಿಳೀಬೇಡ. ದೊಡ್ಡಮ್ಮಂದು ಮುದಿ ಜೀವ, ತೊಂಬತ್ತರ ಹತ್ರ. ಒಂದೆರಡು ಕಲ್ಲು ಒಳಗಿಟ್ಟು ಮೊಳೆ ಹೊಡೆದುಬಿಟ್ರೆ..."

ಡೆಲ್ಫೀನೋ ಗುಂಡಿಯಿಂದ ಹೇಗೆ ಮೇಲೆ ಹತ್ತಿದನೋ, ಹಿಲ್ಬೆರ್ತೋನ ಕೊರಳಪಟ್ಟಿ ಅವನ ಮುಷ್ಟಿಯಲ್ಲಿತ್ತು. "ನಮ್ಮಣ್ಣನ ಜಾಗದಲ್ಲಿ ಕಲ್ಲಾ? ಕಲ್ಲಿಗೆ ಪಾದ್ರಿ ತೀರ್ಥ ಹಾಕಬೇಕಾ?"

"ಮತ್ತೇನು ಮಾಡೋಣ, ನೀನೇ ಹೇಳಪ್ಪ!"

ಡೆಲ್ಫೀನೋ ಮುಷ್ಟಿ ಸಡಿಲಿಸಿದ. ಭಾರ ಇದ್ದಂತೆ ನಡೆದರಾಯಿತು ಎಂದು ಕಡೆಗೆ ಅವನೇ ಅಂದ. ಅಂದ ಮೇಲೆ ಅವನಿಗೇ ಹೇಸಿಗೆಯಾಯಿತು.

*

ಒನೋಫ್ರೆ ಗುಡ್ಡಕ್ಕೆ ಹೋಗಲು ಶುರುಮಾಡಿದಾಗ ಅವನ ಮೀಸೆ ಇನ್ನೂ ಸರಿಯಾಗಿ ಚಿಗುರಿರಲಿಲ್ಲ. ಮೆಣಸಿನ ಹೊಲವೂ ಒಣಗಿದ ಸೇಬಿನ ಮರಗಳೂ ಬಿಟ್ಟರೆ ಬೇರೆ ಗತಿಯಿಲ್ಲದ ಕಣಿವೆಗೆ ಆ ಲ್ಯಾಬು ಒಂದು ಅನ್ನದ ಬಾಗಿಲು. ನಸುಕಿನಲ್ಲಿ ಊರಿನ ಗಂಡಸರು ಒಂದು ವ್ಯಾನಿನಲ್ಲಿ ಒತ್ತಿ ಕೂತು ರಿಯೋ ಗ್ರಾಂಡೆ ನದಿ ದಾಟಿ ಮೇಲೆ ಹೋಗುತ್ತಿದ್ದರು. ಸಂಜೆ ವಾಪಸು ಬಂದು ಇಳಿಯುವಾಗ ಬೆಳಗಿನ ಹಾಗೆಯೇ ಇರುತ್ತಿದ್ದರು. ಬಟ್ಟೆಗೆ ಧೂಳಿಲ್ಲ, ಕೈಗೆ ಮಣ್ಣಿಲ್ಲ.

"ಅಲ್ಲಿ ನೀನು ಮಾಡೋದಾದ್ರೂ ಏನು, ಮಗನೇ?" ತಾಯಿ ಲಿಬ್ರಾದಾ ಕೇಳುತ್ತಿದ್ದಳು.

"ಕೈ ತೂರಿಸ್ತೀನಿ ಅಮ್ಮ."

"ಕೈ ತೂರಿಸೋದಕ್ಕೆ ಸಂಬಳಾನಾ?"

"ತೂರಿಸಿ ಸುಮ್ನೆ ಹೊರಗೆ ತೆಗೆಯೋದಕ್ಕೆ ಸಂಬಳ."

ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ. ಗಾಜಿನ ಮುಖವಿದ್ದ ದೊಡ್ಡ ಪೆಟ್ಟಿಗೆಯ ಗೋಡೆಯಲ್ಲಿ ದಪ್ಪ ರಬ್ಬರ್ ಗವಸುಗಳು ನೇತಾಡುತ್ತಿದ್ದವು. ಹೊರಗೆ ನಿಂತು ಅದರೊಳಗೆ ತೋಳು ತೂರಿಸಿ, ಮುಟ್ಟಬಾರದ ಲೋಹವನ್ನು ಮುಟ್ಟದೆಯೇ ತೂಗಿ, ಕೆರೆದು, ಅಚ್ಚಿನಲ್ಲಿ ಕೂರಿಸಬೇಕು. ಆ ಸಂಬಳದಲ್ಲಿ ಒನೋಫ್ರೆ ತಾಯಿಯ ಮನೆಗೆ ಬಿಸಿನೀರಿನ ಬಚ್ಚಲು ಕಟ್ಟಿಸಿದ. ಒಂದು ಹಸಿರು ಪಿಕಪ್ ಕೊಂಡು ಶನಿವಾರ ಶನಿವಾರ ಮಗುವಿಗೆ ಎರೆದ ಹಾಗೆ ತೊಳೆದ. ಇಗರ್ಜಿಯಲ್ಲಿ ರಾಗ ತಪ್ಪಿಸಿ ಎಲ್ಲರಿಗಿಂತ ಜೋರಾಗಿ ಹಾಡಿದ.

ಒಂದು ಸಂಜೆ ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಇಳಿದ. ಲೋಹದ ಒಂದು ಸಿಬರು ಗವಸು ತೂರಿ ಬೆರಳು ಹೊಕ್ಕಿತ್ತು. ಡಾಕ್ಟರು ಹೆಬ್ಬೆರಳಿನ ತುದಿಯ ಮಾಂಸವನ್ನೇ ಕತ್ತರಿಸಿ ತೆಗೆದಿದ್ದರು. ತಾಯಿಗೆ ಗರಗಸ ತಗುಲಿತು ಎಂದ. ಆಮೇಲೆ ಅವನ ಮನೆಯ ಜಗಲಿಯ ಮೇಲೆ ಒಂದು ಪೆಟ್ಟಿಗೆ ಬಂದು ಕೂರತೊಡಗಿತು. ಅವನ ಮೂತ್ರ ತುಂಬಿಟ್ಟ ಬಾಟಲಿಗಳನ್ನು ಲ್ಯಾಬಿನವರು ಬಂದು ಒಯ್ಯುತ್ತಿದ್ದರು.

"ಲೋಕದಲ್ಲಿ ಹಾಲಿನವನು ಬಾಟಲಿ ತಂದಿಟ್ಟು ಹೋಗ್ತಾನೆ," ಎಂದು ಡೆಲ್ಫೀನೋ ರೇಗಿಸುತ್ತಿದ್ದ. "ನಿನ್ನ ಹಾಲಿನವನು ತಗೊಂಡು ಹೋಗ್ತಾನೆ."

"ನನ್ನದಕ್ಕೆ ಬೆಲೆ ಇದೆ ಕಣೋ, ನಿನ್ನ ಹಸುವಿನದಕ್ಕೆ ಇದೆಯಾ?"

ಒಮ್ಮೆ ಮಾತ್ರ, ಜಗಲಿಯ ಮೇಲೆ ಇಬ್ಬರೇ ಕೂತಿದ್ದಾಗ, ಡೆಲ್ಫೀನೋ ಗಂಭೀರವಾಗಿ ಕೇಳಿದ್ದ. "ಒಳಗೆ ಎಷ್ಟು ಉಳಿದಿದೆಯಂತೆ?"

"ಬದುಕಿರೋವಾಗ ಸರಿಯಾಗಿ ಹೇಳೋಕೆ ಆಗಲ್ಲವಂತೆ," ಎಂದ ಒನೋಫ್ರೆ. ಆಮೇಲೆ ಎದ್ದು ಹೋಗಿ ಪಿಕಪ್ ಒರೆಸಿದ.

*

ಇಗರ್ಜಿಯ ಬಾಗಿಲಲ್ಲಿ ಬಂಡಿಯಿಂದ ಪೆಟ್ಟಿಗೆ ಇಳಿಸಿ ಹೆಗಲಿಗೇರಿಸಿದಾಗ ಡೆಲ್ಫೀನೋಗೆ ಗೊತ್ತಾಯಿತು. ಮರದ ಭಾರ, ಹಿತ್ತಾಳೆಯ ಹಿಡಿಗಳ ಭಾರ, ಅಷ್ಟೆ. ಹಿಂದಿನಿಂದ ಹಿಲ್ಬೆರ್ತೋ ಏದುಸಿರು ಬಿಡುತ್ತಾ ನರಳತೊಡಗಿದ್ದ.

"ಸಾಕು ಮಾಡೋ," ಡೆಲ್ಫೀನೋ ಹಲ್ಲುಕಚ್ಚಿ ಪಿಸುಗುಟ್ಟಿದ. "ನೀನೇನು ಎತ್ತು ಹೊತ್ತಿದ್ದೀಯಾ?"

ಒಳಗೆ ಕಾಲಿಡಲು ಜಾಗವಿರಲಿಲ್ಲ. ವ್ಯಾನಿನ ಜೊತೆಗಾರರು, ಕಾಲುವೆಯ ಪಾಲುದಾರರು, ಮೂರನೇ ಸಾಲಿನಲ್ಲಿ ಡೆಲ್ಫೀನೋನ ಮಗಳು ಬೆರ್ನಾ. ಅವಳೂ ಈಗ ಗುಡ್ಡದಲ್ಲೇ ಕೆಲಸಕ್ಕಿದ್ದಳು, ದೊಡ್ಡಪ್ಪ ಇದ್ದ ವಿಭಾಗದಲ್ಲೇ. ಮುಂದಿನ ಬೆಂಚಿನಲ್ಲಿ ಲಿಬ್ರಾದಾ, ಕೈಯಲ್ಲಿ ಕೋಲು, ಕೊರಳಲ್ಲಿ ಜಪಸರ. ಪೀಠದ ಮುಂದಿದ್ದ ಎರಡು ಮರದ ಸ್ಟ್ಯಾಂಡುಗಳ ಮೇಲೆ ಪೆಟ್ಟಿಗೆ ಇಳಿಸಿದರು. ಡೆಲ್ಫೀನೋ ತಾಯಿಯ ಕಣ್ಣು ತಪ್ಪಿಸಿ ಬೆಂಚಿನತ್ತ ತಿರುಗಿದ.

ಪಾದ್ರಿ ಬಾಯಿ ತೆರೆಯುವ ಮೊದಲೇ ಲಿಬ್ರಾದಾ ಎದ್ದಳು. ಯಾರೂ ತಡೆಯಲಿಲ್ಲ. ಹೆತ್ತವಳನ್ನು ತಡೆಯುವವರು ಯಾರು? ಕೋಲನ್ನು ಬೆಂಚಿಗೆ ಒರಗಿಸಿ, ನಾಲ್ಕು ಹೆಜ್ಜೆ ತಡವರಿಸಿ ನಡೆದು, ಎರಡೂ ತೋಳು ಚಾಚಿ ಪೆಟ್ಟಿಗೆಯನ್ನು ತಬ್ಬಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟಳು. ಒಳಗೆ ದೊಡ್ಡಾಳಾದ ಮಗನಿದ್ದಾನೆ, ತಾಳಿಕೊಳ್ಳುತ್ತಾನೆ ಎಂಬ ಭರವಸೆಯಿಂದ.

ಪೆಟ್ಟಿಗೆ ತಾಳಿಕೊಳ್ಳಲಿಲ್ಲ. ಅವಳ ತೋಳಿನಿಂದ ಸರ್ರನೆ ಜಾರಿ, ಒಂದು ತುದಿ ಸ್ಟ್ಯಾಂಡಿನಿಂದ ತಪ್ಪಿ ಹಲಗೆಯ ನೆಲಕ್ಕೆ ಬಡಿಯಿತು. ಬರಿದಾದ ಪೀಪಾಯಿ ಉರುಳಿದಂಥ ಸದ್ದು. ಆ ಟೊಳ್ಳು ಸದ್ದು ಮಣ್ಣಿನ ಗೋಡೆಗಳಿಗೆ ತಾಗಿ, ಹಿಂದಿನ ಬಾಗಿಲಲ್ಲಿ ನಿಂತವರಿಗೂ ಕೇಳಿಸಿತು.

ಡೆಲ್ಫೀನೋ ಹಾರಿ ತಾಯಿಯನ್ನು ಹಿಡಿದುಕೊಂಡ. ಅವಳು ಬಿದ್ದಿರಲಿಲ್ಲ. ನಿಂತೇ ಇದ್ದಳು. ಚಾಚಿದ ತೋಳು ಹಾಗೇ ಚಾಚಿದ್ದವು.

"ತೆಗಿ," ಎಂದಳು.

"ಅಮ್ಮ, ಬನ್ನಿ, ಕೂತ್ಕೊಳ್ಳಿ..."

"ತೆಗೀ ಅಂದೆ."

ಅವನು ಅತ್ತಿಗೆಯ ಕಡೆ ನೋಡಿದ. ಎಲೊಯ್ಸಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವನು ಬಗ್ಗಿ ತಿರುಪು ಬಿಚ್ಚಿ ಮುಚ್ಚಳ ಎತ್ತಿದ. ಬಿಳಿ ಬಟ್ಟೆ, ತಲೆಯ ಗುರುತಿಲ್ಲದ ದಿಂಬು, ಮಡಿಸಿಟ್ಟ ಕರೀ ಕೋಟು.

ಯಾರೋ ಹೆಂಗಸು ಚೀರಿದಳು. "ಕದ್ದಿದ್ದಾರೆ! ಹೆಣ ಕದ್ದಿದ್ದಾರೆ!" ಹಿಂದಿನವರು ಮುಂದೆ ನುಗ್ಗಿದರು, ಮುಂದಿನವರು ಹಿಂದೆ ಸರಿದರು, ಮುದುಕರು ಶಿಲುಬೆ ಗುರುತು ಹಾಕಿಕೊಂಡರು. ತೆರೆದ ಪುಸ್ತಕ ಹಿಡಿದ ಪಾದ್ರಿ ಯಾವ ಪುಟದಲ್ಲೂ ಇದಕ್ಕೆ ಮಾತಿಲ್ಲವೆಂಬಂತೆ ನಿಂತಿದ್ದರು.

"ನನ್ನ ಮಗ ಎಲ್ಲಿ?" ಲಿಬ್ರಾದಾ ಕೇಳಿದಳು. ದನಿ ಏರಲಿಲ್ಲ. ಆದರೆ ಗದ್ದಲ ನಿಂತುಹೋಯಿತು.

ಡೆಲ್ಫೀನೋ ಹೇಳಿದ. ಬೆಳಿಗ್ಗೆ ಗುಂಡಿಯ ಅಂಚಿನಲ್ಲಿ ಕೇಳಿದ್ದನ್ನು ಹಾಗೇ, ಒಂದು ಮಾತನ್ನೂ ಮೆತ್ತಗೆ ಮಾಡದೆ. ಮೆತ್ತಗೆ ಮಾಡಲು ಅವನಿಗೆ ತಿಳಿಯಲಿಲ್ಲ.

"ಕೈಬೆರಳಷ್ಟೇ ತಾನೇ?" ಅವಳು ಕೇಳಿದಳು. "ಗಾಯ ಆಗಿದ್ದು ಬೆರಳಿಗೆ. ಗರಗಸ ಅಲ್ಲ ಅಂತ ನನಗೇನು ಗೊತ್ತಿರಲಿಲ್ವಾ? ಬೆರಳು ತಗೊಂಡು ಮಿಕ್ಕಿದ್ದು ಕೊಡ್ಲಿ."

"ಎಲ್ಲಾನೂ, ಅಮ್ಮ."

"ಇಡೀ ಮನುಷ್ಯನ್ನಾ?"

"ಹೂಂ."

"ಯಾರು ಕೇಳಿದ್ರು ಅವನನ್ನ? ಯಾರು ಬಂದು ಕೇಳಿದ್ರು?"

"ಯಾರೂ ಕೇಳಲಿಲ್ಲ ಅತ್ತೆ." ಎಲೊಯ್ಸಾ ಎದ್ದು ನಿಂತಿದ್ದಳು. ಮಾತು ಅತ್ತೆಗಾದರೂ ಕಣ್ಣು ಮೂರನೇ ಸಾಲಿನಲ್ಲಿತ್ತು. "ಅವನೇ ಹೋಗಿ ಬರೆದುಕೊಟ್ಟ. ಬೆರ್ನಾಗೆ ಅಲ್ಲಿ ಕೆಲಸ ಸಿಕ್ಕಿದ ವಾರ. ನಾನು ಜಗಳ ಆಡಿದೆ, ಅತ್ತೆ. 'ನನ್ನೊಳಗೆ ಎಷ್ಟಿದೆ ಅಂತ ಅವರಿಗೆ ಗೊತ್ತಾದ್ರೆ, ಅವಳೊಳಗೆ ಎಷ್ಟು ಹೋಗೋಕೆ ಬಿಡಬಾರದು ಅಂತ ಗೊತ್ತಾಗುತ್ತೆ' ಅಂದ. ನಾನು ಮತ್ತೆ ಬಾಯಿ ತೆಗೀಲಿಲ್ಲ."

ಸಾಲುಸಾಲಾಗಿ ತಲೆಗಳು ಹಿಂದಕ್ಕೆ ತಿರುಗಿದವು. ಬೆರ್ನಾ ಯಾರೋ ಕೆನ್ನೆಗೆ ಹೊಡೆದಂತೆ ಕೂತಿದ್ದಳು.

*

ಬೆರ್ನಾಳಿಗೆ ಕೆಲಸ ಸಿಕ್ಕಿದಾಗ ಡೆಲ್ಫೀನೋ ಅಂಗಳದಲ್ಲಿ ಕುರಿ ಸುಡಿಸಿದ್ದ. ಅವನೂ ಹರೆಯದಲ್ಲಿ ಗುಡ್ಡಕ್ಕೆ ಅರ್ಜಿ ಹಾಕಿ ವಾಪಸು ಬಂದವನು. ಶಾಲೆಯ ಬಸ್ಸು ಓಡಿಸುತ್ತಾ, ಮೆಣಸಿನಕಾಯಿ ಮಾರುತ್ತಾ ಕಾಲ ತಳ್ಳಿದವನು. ಆ ದಿನ ಕಂಡವರಿಗೆಲ್ಲ ತಾನೇ ಕೆಂಪು ಮೆಣಸಿನ ಸಾರು ಬಡಿಸಿದ.

ಒನೋಫ್ರೆ ತಟ್ಟೆ ಮುಟ್ಟಲಿಲ್ಲ. ಬೆರ್ನಾಳನ್ನು ಹತ್ತಿರ ಕರೆದು, "ಕೈ ತೋರಿಸು," ಎಂದ. ತಿರುವಿ ತಿರುವಿ ನೋಡಿದ. "ಈ ಉಂಗುರ ಮನೇಲಿ ಬಿಟ್ಟು ಹೋಗು. ಉಗುರು ಮೊಟಕಾಗಿರಲಿ. ಗವಸಿನೊಳಗೆ ಅವಸರ ಮಾಡ್ಬೇಡ. ಯಾರು ಬೈದ್ರೂ ಮಾಡ್ಬೇಡ."

"ದೊಡ್ಡಪ್ಪ, ಈಗ ಕಾಲ ಬೇರೆ. ಗವಸು ತುಂಬಾ ದಪ್ಪ ಇರುತ್ತೆ."

"ನನಗೂ ದಪ್ಪ ಗವಸೇ ಕೊಟ್ಟಿದ್ರು ಮಗಳೇ." ಆಮೇಲೆ ತಮ್ಮನ ಕಡೆ ತಿರುಗಿ, "ಬೇರೆ ಕೆಲಸ ನೋಡಬಹುದಿತ್ತು," ಎಂದ.

ಡೆಲ್ಫೀನೋ ಆಗಲೇ ಸಾಕಷ್ಟು ಕುಡಿದಿದ್ದ. "ನಿನಗೆ ಹೊಟ್ಟೆಕಿಚ್ಚು," ಎಂದ, ಎಲ್ಲರ ಎದುರಿಗೆ. "ಅಮ್ಮಂಗೆ ಬಚ್ಚಲು ಕಟ್ಟಿಸಿದೋನು ನೀನು, ಪಿಕಪ್ ನಿನ್ನದು. ನನ್ನ ಮಗಳು ನಿನ್ನ ಸಮಕ್ಕೆ ಬಂದ್ರೆ ನಿನ್ನ ಹೊಟ್ಟೆ ಉರಿಯುತ್ತೆ."

ಒನೋಫ್ರೆ ಟೋಪಿ ಹಾಕಿಕೊಂಡು ಹೊರಟುಹೋದ. ಆಮೇಲಿನ ವರ್ಷಗಳಲ್ಲಿ ಅಣ್ಣತಮ್ಮಂದಿರು ತಲೆಯಾಡಿಸುವುದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಆ ಶುಕ್ರವಾರ ಕಾಲುವೆಯಲ್ಲೂ ಪಕ್ಕಪಕ್ಕ ನಿಂತು ಹೂಳೆತ್ತಿದ್ದರು. ಸಲಿಕೆ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗಿತ್ತು. ಮಾತು ಹೋಗಿರಲಿಲ್ಲ.

*

"ದೇಹ ಇಲ್ಲದಿದ್ರೂ ಪೂಜೆ ಮಾಡಬಹುದು," ಎಂದು ಪಾದ್ರಿ ಕೊನೆಗೆ ಮೆಲ್ಲನೆ ಹೇಳಿದರು.

"ಮಾಡಿ ಪಾದ್ರಿಗಳೇ," ಎಂದಳು ಲಿಬ್ರಾದಾ. "ಆ ಪೆಟ್ಟಿಗೆ ಮಾತ್ರ ಹೊರಗಿಡಿಸಿ. ಖಾಲಿ ಪೆಟ್ಟಿಗೆ ಹೂತು ಅದಕ್ಕೆ ನನ್ನ ಮಗನ ಹೆಸರು ಹೇಳಬೇಡಿ."

ಪೂಜೆ ನಡೆಯಿತು. ಯಾರಿಗೂ ಹಾಡಲು ಬಾಯಿ ಬರಲಿಲ್ಲ. ಮುಗಿದ ಮೇಲೆ ಜನ ಮನೆಗೆ ಹೋಗಬೇಕೋ, ಸ್ಮಶಾನಕ್ಕೆ ನಡೆಯಬೇಕೋ ತಿಳಿಯದೆ ಬಾಗಿಲಲ್ಲಿ ನಿಂತರು. ಮುದುಕಿ ಡೆಲ್ಫೀನೋನ ತೋಳು ಹಿಡಿದು ಸ್ಮಶಾನದ ದಾರಿ ಹಿಡಿದಳು. ತೋಡಿದ ಗುಂಡಿಯನ್ನು ಬಾಯಿ ತೆರೆದು ಬಿಟ್ಟರೆ ಅದು ಊರಿನಿಂದ ಇನ್ನೊಬ್ಬರನ್ನು ಕರೆಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಜನ ಹಿಂದೆ ಹಿಂದೆ ಬಂದರು.

ಬರಿಯ ಗುಂಡಿಗೆ ಮಣ್ಣು ಎಳೆಯುವುದು ಹೇಗೆಂದು ಗಂಡಸರಿಗೆ ಹೊಳೆಯಲಿಲ್ಲ. ಮೊದಲ ಹಿಡಿ ಯಾರು ಹಾಕಬೇಕು, ಯಾರ ಮೇಲೆ? ಬೆರ್ನಾ ಬಂದು ಅಪ್ಪನ ಕೈಯಿಂದ ಸಲಿಕೆ ತೆಗೆದುಕೊಂಡಳು. ಊರಿನಲ್ಲಿ ಹೆಂಗಸರು ಆ ಕೆಲಸ ಮಾಡಿದ್ದಿಲ್ಲ. ಯಾರೂ ಬೇಡವೆನ್ನಲಿಲ್ಲ.

"ನಿಂಗೆ ಗೊತ್ತಿತ್ತಾ?" ಡೆಲ್ಫೀನೋ ಇನ್ನೊಂದು ಸಲಿಕೆ ಹಿಡಿದು ಪಕ್ಕದಲ್ಲಿ ನಿಂತು ಕೇಳಿದ.

"ಇಲ್ಲ ಅಪ್ಪ."

"ನಾಳೆ ಹೋಗ್ತೀಯಾ ಕೆಲಸಕ್ಕೆ?"

ಅವಳು ಎರಡು ಸಲಿಕೆ ಮಣ್ಣು ಹಾಕಿದ ಮೇಲೆ ಹೇಳಿದಳು. "ಹೋಗದೆ ಏನ್ಮಾಡ್ಲಿ? ಹೋಗದಿದ್ರೆ ದೊಡ್ಡಪ್ಪ ಸುಮ್ನೆ ಹೋದ ಹಾಗಾಗುತ್ತೆ. ಹೋದ್ರೆ..." ಡೆಲ್ಫೀನೋಗೆ ಬೇಡವೆನ್ನುವ ಆಸೆ ಬಾಯಿತುದಿಗೆ ಬಂದಿತ್ತು. ಅಣ್ಣ ಅಂಗಳದಲ್ಲಿ ಅಂದದ್ದೂ ಅದನ್ನೇ ಅಲ್ಲವೇ. ಅವನು ಸಲಿಕೆ ಎತ್ತಿದ. ಅಳು ಬರಲಿಲ್ಲ.

ಗುಂಡಿ ತುಂಬಿತು. ಹಿಲ್ಬೆರ್ತೋ ಕಾಲಿನಿಂದ ತುಳಿದು ಸಮ ಮಾಡಿ ಹಿಂದೆ ಸರಿದು ನೋಡಿದ. ಸುತ್ತಲಿನ ಗೋರಿಗಳೆಲ್ಲ ಒಳಗಿರುವವರ ಅಳತೆಗೆ ಉಬ್ಬಿದ್ದವು. ಇದೊಂದು ಮಾತ್ರ ಬಿತ್ತನೆಗೆ ಹದಮಾಡಿದ ಮಡಿಯ ಹಾಗೆ ಮಟ್ಟಸವಾಗಿತ್ತು.

"ಇನ್ನೊಂದು ಗಾಡಿ ಮಣ್ಣು ತರಲಾ?" ಅವನು ಕೇಳಿದ. "ಹೀಗೆ ಚಪ್ಪಟೆ ಇದ್ರೆ ನೋಡೋಕೆ ಒಂಥರಾ..."

"ಬೇಡ," ಎಂದಳು ಲಿಬ್ರಾದಾ.

ಗೋರಿಯ ಮೇಲೆ ಕಾಲಿಡುವುದು ಆ ಊರಿನಲ್ಲಿ ಮಹಾ ತಪ್ಪು. ಅವಳು ಡೆಲ್ಫೀನೋನ ತೋಳು ಬಿಟ್ಟು, ಕೋಲೂರುತ್ತಾ ನೇರ ಆ ಹಸಿ ಮಣ್ಣಿನ ನಡುವಿಗೆ ನಡೆದು ನಿಂತಳು. ಅವಳ ಬೂಟಿನ ಗುರುತುಗಳು ಸ್ಪಷ್ಟವಾಗಿ ಮೂಡಿದ್ದವು.

"ಡೆಲ್ಫೀನೋ, ಉತ್ತರ ಯಾವ ಕಡೆ?"

ಅವನು ಕೈ ತೋರಿಸಿದ. ಆ ಕಡೆ ಹಿಮ ಕೂತ ಬೆಟ್ಟದ ಸಾಲು. ಅದರಾಚೆ ಏನಿದೆಯೋ ಅಲ್ಲಿದ್ದವರಲ್ಲಿ ಒಬ್ಬರೂ ಹೋಗಿ ನೋಡಿದವರಲ್ಲ.

ಮುದುಕಿ ನಿಂತಲ್ಲೇ ಪುಟ್ಟ ಪುಟ್ಟ ಹೆಜ್ಜೆ ಕದಲಿಸುತ್ತಾ ತಿರುಗಿದಳು. ಜಪಸರವನ್ನು ಕೊರಳಿನಿಂದ ತೆಗೆದು ಬೆರಳಿಗೆ ಸುತ್ತಿಕೊಂಡು ಶುರುಮಾಡಿದಳು. "ನಮೋ ಮರಿಯೆ..." ಮೊದಲು ಎಲೊಯ್ಸಾ, ಆಮೇಲೆ ಸಲಿಕೆ ಹಿಡಿದಿದ್ದ ಹಾಗೇ ಬೆರ್ನಾ, ಆಮೇಲೆ ಪಾದ್ರಿ. ಗುಂಡಿಯ ಸುತ್ತ ಮುಖ ಮಾಡಿ ನಿಂತಿದ್ದ ಊರು ಒಬ್ಬೊಬ್ಬರಾಗಿ ಅದರ ಕಡೆಯಿಂದ ತಿರುಗಿತು. ಟೋಪಿ ಕೈಯಲ್ಲಿ ಹಿಡಿದ ಗಂಡಸರು, ತಲೆವಸ್ತ್ರ ಹೊದ್ದ ಹೆಂಗಸರು, ಎಲ್ಲರೂ ಬರಿಯ ಬೆಟ್ಟದ ಕಡೆ ನೋಡುತ್ತಾ ನಿಂತರು.